ಗಾಂಧಿ ಕ್ಲಾಸಿಗೆ ಬಂದ ಡೈನೊಸಾರ್



ದತ್ತಿ ಉಪನ್ಯಾಸ ಎಂದರೆ ಪಂಪನ ಮೇಲೋ ವಚನಗಳ ಮೇಲೋ ಇರುತ್ತದೆ ಎಂದುಕೊಂಡವರು ಆಹ್ವಾನ ಪತ್ರಿಕೆ ನೋಡಿ ನಕ್ಕಿರಬಹುದು. ನಗಲಿ, ಇವತ್ತಿನ ವಿಷಯವೇ ನಗು. ರಬ್ಬರ್ ಚರ್ಮದ ದೈತ್ಯಪ್ರಾಣಿಯೊಂದು ರಟ್ಟಿನ ಪಟ್ಟಣವನ್ನು ತುಳಿಯುವಾಗ ನಮ್ಮೂರ ಟಾಕೀಸಿನಲ್ಲಿ ಏಳುತ್ತಿದ್ದ ನಗು. ಅದು ಯಾರ ನಗು, ಅದರಲ್ಲಿ ಭಯವೆಷ್ಟು, ತಾತ್ಸಾರವೆಷ್ಟು ಎಂದು ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲು ನೆಲದ ಲೆಕ್ಕ ಮುಗಿಸಿಬಿಡುತ್ತೇನೆ. ಶಿವಮೊಗ್ಗ ಸೀಮೆಯಲ್ಲಿ ಎಷ್ಟು ಅಗೆದರೂ ಡೈನೊಸಾರ್ ಮೂಳೆ ಸಿಗುವುದಿಲ್ಲ. ಅವು ಭೂಮಿಗೆ ಬಂದದ್ದು ಸುಮಾರು 23 ಕೋಟಿ ವರ್ಷಗಳ ಹಿಂದೆ, ಹೋದದ್ದು ಆರೂವರೆ ಕೋಟಿ ವರ್ಷಗಳ ಹಿಂದೆ. ನಮ್ಮ ಧಾರವಾಡ ಶ್ರೇಣಿಯ ಕಲ್ಲುಗಳು 250 ಕೋಟಿ ವರ್ಷಕ್ಕಿಂತ ಹಳೆಯವು. 1923ರಿಂದ ಭದ್ರಾವತಿಯ ಕುಲುಮೆಯಲ್ಲಿ ಕರಗಿದ ಕೆಮ್ಮಣ್ಣುಗುಂಡಿಯ ಅದಿರು ಆ ಕಾಲದ್ದು. ಮೂಳೆ ಬೇಕಾದವರು ಜಬಲ್‌ಪುರಕ್ಕೋ, ಗುಜರಾತಿನ ಬಾಲಾಸಿನೋರ್ ಹತ್ತಿರದ ರೈಯೋಲಿಗೋ, ತಮಿಳುನಾಡಿನ ಅರಿಯಲೂರಿಗೋ ಹೋಗಬೇಕು. ಗೋದಾವರಿ ಕಣಿವೆಯಲ್ಲಿ ಸಿಕ್ಕ ದೊಡ್ಡ ಕಾಲಿನ ಪ್ರಾಣಿಗೆ ರವೀಂದ್ರನಾಥ ಠಾಕೂರರ ಹೆಸರು ಸೇರಿಸಿ ಬಾರಾಪಾಸಾರಸ್ ಟಾಗೋರೈ ಎಂದು ಕರೆದು, ಅದರ ಅಸ್ಥಿಪಂಜರವನ್ನು ಕೋಲ್ಕತ್ತದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ನಿಲ್ಲಿಸಿದ್ದಾರೆ. ನಮ್ಮೂರಿಗೆ ಡೈನೊಸಾರ್ ಬಂದದ್ದು ಬೆಂಗಳೂರಿನ ಗಾಂಧಿನಗರದಿಂದ, ತಗಡಿನ ಡಬ್ಬದೊಳಗೆ ರೀಲಾಗಿ ಸುತ್ತಿಕೊಂಡು. ಹಾಗಾಗಿ ಮಲೆನಾಡಿನವರ ಮಟ್ಟಿಗೆ ಅದು ಹುಟ್ಟಾ ಸಿನಿಮಾ ಪ್ರಾಣಿ.

ಶಿವಮೊಗ್ಗದ ಎಚ್.ಪಿ.ಸಿ., ಮಲ್ಲಿಕಾರ್ಜುನ, ಲಕ್ಷ್ಮೀ, ವೀರಭದ್ರೇಶ್ವರ, ವಿನಾಯಕ ಎಂದರೆ ನನ್ನ ವಯಸ್ಸಿನವರಿಗೆ ಟಾಕೀಸಿನ ಹೆಸರಷ್ಟೇ ಅಲ್ಲ, ಊರಿನ ದಿಕ್ಕುಗಳು. ಕನ್ನಡ ಚಿತ್ರದ ನಾಲ್ಕು ಆಟಗಳ ನಡುವೆ ಇಂಗ್ಲಿಷ್ ಚಿತ್ರಕ್ಕೆ ಸಿಗುತ್ತಿದ್ದದ್ದು ಬೆಳಗಿನ ಆಟ, ಅದೂ ಹೆಚ್ಚಾಗಿ ಭಾನುವಾರ. ಪ್ರಿಂಟು ಎಲ್ಲೆಲ್ಲೋ ಓಡಿ, ಗೀಚಿ, ತುಂಡಾಗಿ, ಅಂಟಿಸಿಕೊಂಡು ಬಂದಿರುತ್ತಿತ್ತು. ಪೋಸ್ಟರಿನ ಮೇಲೆ ಇರುತ್ತಿದ್ದ ಪ್ರಾಣಿ ಒಂದು, ಪರದೆಯ ಮೇಲೆ ಬರುತ್ತಿದ್ದದ್ದು ಇನ್ನೊಂದು. ಯಾರೂ ತಕರಾರು ತೆಗೆಯುತ್ತಿರಲಿಲ್ಲ. ಭದ್ರಾವತಿಯಲ್ಲಿ ಕಥೆ ಇನ್ನೂ ಸ್ವಾರಸ್ಯ. ಕಬ್ಬಿಣದ ಕಾರ್ಖಾನೆ, 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆ, ಎರಡಕ್ಕೂ ಆಗ ಪಾಳಿಯ ಕೆಲಸ. ಕನ್ನಡ, ತಮಿಳು, ತೆಲುಗು, ಉರ್ದು, ಮಲಯಾಳ ಒಂದೇ ಬೀದಿಯಲ್ಲಿ ಕೇಳಿಸುವ ಊರು. ಇಂಗ್ಲಿಷ್ ಮಾತ್ರ ಅಲ್ಲಿ ಹೆಚ್ಚಿನವರಿಗೆ ಸಮಾನವಾಗಿ ಅರ್ಥವಾಗುತ್ತಿರಲಿಲ್ಲ.

ಆ ಅರ್ಥವಾಗದಿರುವಿಕೆಯೇ ಈ ಚಿತ್ರಗಳ ಭಾಗ್ಯ. 1960ರ ದಶಕದಿಂದ ಕನ್ನಡಕ್ಕೆ ಡಬ್ಬಿಂಗ್ ಬೇಡ ಎಂಬ ಕಟ್ಟುಪಾಡು ನಮ್ಮ ಚಿತ್ರರಂಗದಲ್ಲಿತ್ತು. ಕಾನೂನೇನಲ್ಲ, ಆದರೆ ಕಾನೂನಿಗಿಂತ ಗಟ್ಟಿ. 2015ರಲ್ಲಿ ಸ್ಪರ್ಧಾ ಆಯೋಗ ಅದರ ವಿರುದ್ಧ ಆದೇಶ ಕೊಡುವವರೆಗೂ ಹಾಗೇ ನಡೆಯಿತು. ಅದು ಸರಿಯೋ ತಪ್ಪೋ ಎಂಬುದು ಬೇರೆ ದತ್ತಿಯ ವಿಷಯ. ನಾನು ಹೇಳುವುದಿಷ್ಟೇ: ಗಾಂಧಿ ಕ್ಲಾಸಿನಲ್ಲಿ ಡಬ್ಬಿಂಗ್ ಎಂದೂ ನಿಂತಿರಲಿಲ್ಲ. ಪರದೆಗೆ ಮೂಗು ತಾಗುವ ಹಾಗೆ ಕೂತವರು ಆಟ ನಡೆಯುತ್ತಿದ್ದಂತೆಯೇ ಕನ್ನಡ ಮಾತು ಜೋಡಿಸುತ್ತಿದ್ದರು. ಬಿಳಿ ಕೋಟಿನ ವಿಜ್ಞಾನಿ ಕನ್ನಡಕ ಸರಿಮಾಡಿಕೊಂಡು ಗಂಭೀರವಾಗಿ ಬಾಯಿ ತೆರೆದರೆ ಮುಂದಿನ ಬೆಂಚಿನಿಂದ "ಈ ಸಲ ಬೋನಸ್ ಇಲ್ಲ ಕಣ್ರಪ್ಪ" ಎಂದು ಬರುತ್ತಿತ್ತು. ದೈತ್ಯ ಸಮುದ್ರದಿಂದ ತಲೆ ಎತ್ತಿದರೆ "ಯಾರಲೇ ಅದು, ಸ್ನಾನಕ್ಕೆ ಇಳಿದೋನು ಮೇಲೆ ಬಾ ಮಾರಾಯ" ಎಂದು ಇನ್ನೊಬ್ಬ. ಮೂಕಿ ಚಿತ್ರಗಳ ಕಾಲದಲ್ಲಿ ಜಪಾನಿನಲ್ಲಿ ಬೆನ್ಶಿ ಎಂಬ ವಾಚಕರು ಪರದೆಯ ಪಕ್ಕ ನಿಂತು ಕಥೆ ಹೇಳಿ, ಎಲ್ಲ ಪಾತ್ರಗಳಿಗೂ ತಾವೇ ದನಿ ಕೊಡುತ್ತಿದ್ದರು. ಅವರಿಗೆ ಸಂಬಳವಿತ್ತು, ಹೆಸರಿತ್ತು. ನಮ್ಮವರು ದುಡ್ಡು ಕೊಟ್ಟು ಒಳಗೆ ಬಂದು ಅದೇ ಕೆಲಸವನ್ನು ಪುಕ್ಕಟೆ ಮಾಡಿದರು.

ಇದನ್ನು ಹೂವಿನ ಹಾಗೆ ಎತ್ತಿ ಹಿಡಿಯುವುದೂ ಬೇಡ. ಆ ಮಾತುಗಳಲ್ಲಿ ಅರ್ಧ ಈ ಸಭೆಯಲ್ಲಿ ಹೇಳುವಂಥದ್ದಲ್ಲ. 1966ರ 'ಒನ್ ಮಿಲಿಯನ್ ಇಯರ್ಸ್ ಬಿ.ಸಿ.' ಚಿತ್ರದಲ್ಲಿ ರಾಕೆಲ್ ವೆಲ್ಶ್ ತೊಗಲಿನ ತುಂಡುಬಟ್ಟೆಯಲ್ಲಿ ಓಡಾಡುತ್ತಾಳೆ. ಅಂಥ ಪೋಸ್ಟರಿನ ಕೆಳಗೆ ಟಿಕೆಟ್ಟಿಗೆ ನಿಂತವರೆಲ್ಲ ಡೈನೊಸಾರ್ ನೋಡಲೆಂದೇ ಬಂದವರು ಎನ್ನಲಾರೆ. ಬೆಳಗಿನ ಆಟಕ್ಕೆ ಹೆಂಗಸರು ಬರುತ್ತಿದ್ದದ್ದೇ ಅಪರೂಪ. ನಾನು ವರ್ಣಿಸುತ್ತಿರುವ ನಗು ಬಹುಮಟ್ಟಿಗೆ ಗಂಡಸರ ನಗು, ಹುಡುಗರ ನಗು. ಮನುಷ್ಯರೂ ಡೈನೊಸಾರ್‌ಗಳೂ ಒಟ್ಟಿಗೆ ಬದುಕಿರಲಿಲ್ಲ, ನಡುವೆ ಆರು ಕೋಟಿ ವರ್ಷಕ್ಕೂ ಮಿಕ್ಕಿದ ಕಂದಕವಿದೆ ಎಂಬ ಆಕ್ಷೇಪ ಅಲ್ಲಿ ಏಳಲೇ ಇಲ್ಲ. ಬೊಂಬೆಗಳಿಗೆ ಜೀವ ಕೊಟ್ಟ ರೇ ಹ್ಯಾರಿಹೌಸನ್ ಕೂಡ ತಾನು ಪ್ರೊಫೆಸರುಗಳಿಗಾಗಿ ಚಿತ್ರ ಮಾಡುತ್ತಿಲ್ಲ ಎನ್ನುತ್ತಿದ್ದರು.

ಆದರೆ ಬೇರೊಂದು ಆಕ್ಷೇಪ ತಪ್ಪದೆ ಏಳುತ್ತಿತ್ತು. ಅದು ಮಲೆನಾಡಿನದೇ ಆಕ್ಷೇಪ. 1940ರಲ್ಲಿ ಹಾಲಿವುಡ್ಡಿನವರು 'ಒನ್ ಮಿಲಿಯನ್ ಬಿ.ಸಿ.' ತೆಗೆಯುವಾಗ ಜೀವಂತ ಹಲ್ಲಿ, ಮೊಸಳೆಗಳ ಬೆನ್ನಿಗೆ ರೆಕ್ಕೆಯಂಥ ಮುಳ್ಳು ಅಂಟಿಸಿ, ಹತ್ತಿರದಿಂದ ಚಿತ್ರೀಕರಿಸಿ, ಇವೇ ಡೈನೊಸಾರ್ ಎಂದರು. ಆ ತುಣುಕುಗಳನ್ನೇ ಆಮೇಲೆ ಎಷ್ಟೋ ಅಗ್ಗದ ಚಿತ್ರಗಳಿಗೆ ತುರುಕಿದರು. 1960ರಲ್ಲಿ ಇರ್ವಿನ್ ಆಲೆನ್, ಕಾನನ್ ಡಾಯ್ಲನ 'ದಿ ಲಾಸ್ಟ್ ವರ್ಲ್ಡ್' ಕಾದಂಬರಿಯನ್ನು ತೆರೆಗೆ ತಂದಾಗಲೂ ಇದೇ ಉಪಾಯ. ಅದೇ ಕಾದಂಬರಿಯ 1925ರ ಚಿತ್ರಕ್ಕೆ, ಆಮೇಲೆ 1933ರ 'ಕಿಂಗ್ ಕಾಂಗ್'ಗೆ ಬೊಂಬೆಗಳನ್ನು ಒಂದೊಂದು ಫ್ರೇಮಿಗೂ ಕೂದಲೆಳೆಯಷ್ಟು ಸರಿಸಿ ಜೀವ ತುಂಬಿದ್ದ ವಿಲ್ಲಿಸ್ ಓಬ್ರಿಯನ್ ಈ ಸಲ ಸಲಹೆಗಾರನಾಗಿ ಪಕ್ಕದಲ್ಲಿ ನಿಂತು ಹಲ್ಲಿಗಳನ್ನು ನೋಡಬೇಕಾಯಿತು. ಸಿನಿಮಾ ಚರಿತ್ರೆಯಲ್ಲಿ ಇದಕ್ಕಿಂತ ಕ್ರೂರವಾದ ಗೌರವ ನನಗೆ ನೆನಪಾಗುವುದಿಲ್ಲ. ಹಲ್ಲಿಗಳ ಪಾಡು ಇನ್ನೂ ಕಷ್ಟ, ಅವನ್ನು ಒಂದರ ಮೇಲೊಂದು ನಿಜವಾಗಿಯೇ ಕಾದಾಡಲು ಬಿಟ್ಟಿದ್ದರು.

ಲಂಡನ್ನಿನಲ್ಲೋ ನ್ಯೂಯಾರ್ಕಿನಲ್ಲೋ ಕೂತವನಿಗೆ ಅದು ಯಾವ ಪ್ರಾಣಿ ಎಂದು ತಕ್ಷಣ ತಿಳಿಯದಿರಬಹುದು. ಅಡಿಕೆ ತೋಟದಿಂದ ಎದ್ದು ಸಿನಿಮಾಕ್ಕೆ ಬಂದ ತೀರ್ಥಹಳ್ಳಿ ಕಡೆಯ ಹುಡುಗನಿಗೆ ಏನು ಹೇಳುತ್ತೀರಿ? "ಎಂತ ಡೈನೊಸಾರನಾ, ಇದು ಉಡ ಅಲ್ದಾ?" ಮುಗಿಯಿತು. ಅಲ್ಲಿಂದ ಮುಂದೆ ಅದು ಘರ್ಜಿಸಿದರೂ ಉಡ, ಕಾಡುಮನುಷ್ಯನನ್ನು ನುಂಗಿದರೂ ಉಡ. ಓತಿಕ್ಯಾತಕ್ಕೆ ಕಲ್ಲು ಬೀರಿ ಬೆಳೆದ ಮಕ್ಕಳನ್ನು ಓತಿಕ್ಯಾತ ತೋರಿಸಿ ಹೆದರಿಸಲಾಗದು. ತಮಾಷೆಯೆಂದರೆ ಆ ಹುಡುಗನ ತೋಟದ ಅಡಿಕೆ ಮರದಿಂದ ಮರಕ್ಕೆ ಹಾರುವ ಓತಿ ತೇಲಿ ಹೋಗುತ್ತಿರುತ್ತದೆ. ಪಕ್ಕೆಲುಬು ಬಿಚ್ಚಿ ರೆಕ್ಕೆ ಮಾಡಿಕೊಳ್ಳುವ ಅದಕ್ಕೆ ಯಾವ ಅಂಟೂ ಬೇಕಿಲ್ಲ. ಕುಪ್ಪಳಿಯ ತೇಜಸ್ವಿಯವರು 1980ರ 'ಕರ್ವಾಲೊ'ದಲ್ಲಿ ಒಂದಿಡೀ ತಂಡವನ್ನು ಕಾಡಿಗೆ ನುಗ್ಗಿಸಿದ್ದು ಆ ಪುಟ್ಟ ಜೀವಿಯನ್ನು ಹುಡುಕಲೆಂದೇ. ಕನ್ನಡದಲ್ಲಿ ಒಂದು ಡೈನೊಸಾರ್ ಕಥೆ ಇದೆ ಎಂದು ಯಾರಾದರೂ ಕೇಳಿದರೆ ನಾನು ಆ ಕಾದಂಬರಿಯನ್ನೇ ಕೊಡುತ್ತೇನೆ. ಗಾತ್ರದ ಹಂಗಿಲ್ಲದೆ ಕಾಲದ ಆಳವನ್ನು ತೋರಿಸಿದ ಕಥೆ ಅದು.

ನಡಿಗೆಯ ವಿಷಯದಲ್ಲೂ ನಮ್ಮವರನ್ನು ಮೋಸ ಮಾಡುವುದು ಕಷ್ಟವಿತ್ತು. ಸಕ್ರೆಬೈಲಿನಲ್ಲಿ ತುಂಗೆಯ ಹಿನ್ನೀರಿಗೆ ಆನೆ ಇಳಿಯುವುದನ್ನು ನೋಡಿದವರಿಗೆ ಭಾರವಾದ ಮೈ ಹೇಗೆ ಕಾಲು ಊರುತ್ತದೆ, ಹೆಜ್ಜೆಗೊಮ್ಮೆ ಭುಜ ಹೇಗೆ ಅಲುಗುತ್ತದೆ ಎಂಬುದು ಗೊತ್ತು. ಪರದೆಯ ಮೇಲೆ ನೂರಡಿಯ ಪ್ರಾಣಿ ಕೋಳಿಯ ಹಾಗೆ ಪಟಪಟ ಹೆಜ್ಜೆ ಹಾಕಿದರೆ ಅವರು ಬಿಡುತ್ತಾರೆಯೇ?

ಇನ್ನು ನಾನು ಹೇಳಬೇಕೆಂದಿರುವ ಮುಖ್ಯ ಮಾತಿಗೆ ಬರುತ್ತೇನೆ. ಈ ಬಗೆಯ ಚಿತ್ರಗಳನ್ನು ನೋಡಿ ನಗುವುದಕ್ಕೆ ಪಶ್ಚಿಮದಲ್ಲಿ ಒಂದು ಸಿದ್ಧಾಂತವೇ ಇದೆ. ಸೂಸನ್ ಸೊಂಟಾಗ್ 1964ರಲ್ಲಿ 'ಕ್ಯಾಂಪ್' ಎಂಬ ಅಭಿರುಚಿಯ ಬಗ್ಗೆ ಪ್ರಸಿದ್ಧ ಟಿಪ್ಪಣಿಗಳನ್ನು ಬರೆದರು. ಗಂಭೀರವಾಗಿರಲು ಹೊರಟು ಸೋತುಹೋದ ಕೃತಿಯನ್ನು ಆ ಸೋಲಿಗಾಗಿಯೇ ಪ್ರೀತಿಸುವುದು, ಸ್ಥೂಲವಾಗಿ ಅದರ ತಿರುಳು. ಮರುವರ್ಷ ದೈತ್ಯಪ್ರಾಣಿಗಳ, ಅನ್ಯಗ್ರಹಗಳ ಚಿತ್ರಗಳ ಮೇಲೂ ಅವರು ಬರೆದರು, ಅಲ್ಲಿ ಜಪಾನಿನ ಚಿತ್ರಗಳೂ ಬರುತ್ತವೆ. ಅವರ ಚುರುಕು ನನಗೆ ಇಷ್ಟ. ಆದರೆ ಗಾಂಧಿ ಕ್ಲಾಸಿನ ನಗುವಿಗೆ ಆ ಅಂಗಿ ಹೊಂದುವುದಿಲ್ಲ. ಕ್ಯಾಂಪ್ ರಸಿಕ ಕೃತಿಗಿಂತ ಒಂದು ಮೆಟ್ಟಿಲು ಮೇಲೆ ನಿಂತು ನಗುತ್ತಾನೆ. ನಮ್ಮವನು ವೇಷ ನೋಡಿ ನಗುವವನು. ವೇಷ ಸೋತಿದೆ ಎಂದು ಅವನಿಗೆ ಅನ್ನಿಸಿರುವುದೇ ಇಲ್ಲ.

ಯಕ್ಷಗಾನದ ದೇವಿಮಹಾತ್ಮೆಯಲ್ಲಿ ಮಹಿಷಾಸುರ ಬರುವುದನ್ನು ನೆನಪಿಸಿಕೊಳ್ಳಿ. ರಂಗಸ್ಥಳದ ಹಿಂದಿನಿಂದಲ್ಲ, ಪ್ರೇಕ್ಷಕರ ನಡುವಿನಿಂದ. ದೊಂದಿ ಹಿಡಿದವರು ಮುಂದೆ, ರಾಳದ ಪುಡಿ ಎರಚಿದಾಗ ಭಗ್ಗನೆ ಏಳುವ ಬೆಂಕಿ, ಆರ್ಭಟ, ಕೋಡು. ಮಡಿಲಲ್ಲಿ ಮಲಗಿದ್ದ ಮಗು ಎದ್ದು ಚೀರುತ್ತದೆ. ಅಜ್ಜಿ ನಗುತ್ತಾಳೆ, ನಗುತ್ತಲೇ ಮಗುವನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಾಳೆ. ಆ ವೇಷಧಾರಿ ಚೌಕಿಯಲ್ಲಿ ಕೂತು ಅಕ್ಕಿಹಿಟ್ಟಿನ ಚುಟ್ಟಿ ಇಟ್ಟುಕೊಂಡದ್ದನ್ನು ಹುಡುಗರು ಸಂಜೆಯೇ ಇಣುಕಿ ನೋಡಿರುತ್ತಾರೆ. ಆಟ ಮುಗಿದ ಮೇಲೆ ಅವನು ಬಣ್ಣ ಅಳಿಸುತ್ತ ಚಹಾ ಕುಡಿಯುವುದನ್ನೂ ನೋಡುತ್ತಾರೆ. ಇಷ್ಟೆಲ್ಲ ಗೊತ್ತಿದ್ದೂ ರಾತ್ರಿ ಎರಡು ಗಂಟೆಗೆ ಹೆದರುತ್ತಾರೆ. ಗೊತ್ತಿರುವುದಕ್ಕೂ ಹೆದರುವುದಕ್ಕೂ ಇಲ್ಲಿ ಜಗಳವಿಲ್ಲ.

ಟೋಕಿಯೋದ ತೋಹೊ ಸ್ಟುಡಿಯೋದಲ್ಲಿ 1954ರಲ್ಲಿ ಹರುವೊ ನಕಾಜಿಮ ಎಂಬ ನಟ ಹೊಕ್ಕದ್ದು ಇಂಥದೇ ವೇಷವನ್ನು. 'ಗಾಡ್ಜಿಲ್ಲಾ'ದ ಆ ಮೊದಲ ರಬ್ಬರ್ ಕವಚ ಸುಮಾರು ನೂರು ಕಿಲೋ ತೂಗುತ್ತಿತ್ತು, ಒಳಗೆ ಗಾಳಿಯಿಲ್ಲ, ಹೊರಗೆ ಸ್ಟುಡಿಯೋ ದೀಪಗಳ ಕಾವು. ಆ ಘರ್ಜನೆ ಯಾವ ಪ್ರಾಣಿಯದೂ ಅಲ್ಲ. ಸಂಗೀತ ನಿರ್ದೇಶಕ ಅಕಿರಾ ಇಫುಕುಬೆ ಕಡೆಯವರು ಚರ್ಮದ ಕೈಗವಸಿಗೆ ಪೈನ್ ಮರದ ರಾಳ ಸವರಿ, ಡಬಲ್ ಬೇಸ್ ವಾದ್ಯದ ಸಡಿಲಿಸಿದ ತಂತಿಯ ಮೇಲೆ ಎಳೆದರು. ಅಲ್ಲೂ ರಾಳ, ಇಲ್ಲೂ ರಾಳ. ರಾಕ್ಷಸ ಬರಬೇಕಾದರೆ ಮರದ ಅಂಟು ಬೇಕೇ ಬೇಕು ಎಂದು ಕಾಣುತ್ತದೆ.

ಈ ಉಪನ್ಯಾಸಕ್ಕೆ ತಯಾರಾಗುವಾಗ ನಾನು ಆ ಮೂಲ ಜಪಾನಿ ಚಿತ್ರವನ್ನು ಭದ್ರಾವತಿ ನ್ಯೂಟೌನಿನಲ್ಲಿರುವ ಚಿಕ್ಕಪ್ಪನ ಮನೆಗೆ ಒಯ್ದೆ. ಅವರು ಕಾರ್ಖಾನೆಯ ಪ್ಯಾಟರ್ನ್ ಶಾಪಿನಲ್ಲಿ ದುಡಿದವರು, ಅಂದರೆ ಎರಕಕ್ಕೆ ಮೊದಲು ಮರದಲ್ಲಿ ಅಚ್ಚಿನ ಮಾದರಿ ಕೆತ್ತುವ ಕೆಲಸ. ಚಿಕ್ಕಮ್ಮ, ಮೊಮ್ಮಗ, ಪಕ್ಕದ ಮನೆಯ ನಿವೃತ್ತರು ಎಲ್ಲ ಟಿ.ವಿ. ಮುಂದೆ ಸೇರಿದರು. ಗಾಡ್ಜಿಲ್ಲಾನನ್ನು ತಡೆಯಲು ಸರ್ಕಾರ ಹೈಟೆನ್ಷನ್ ವಿದ್ಯುತ್ ಗೋಪುರಗಳ ಸಾಲು ನಿಲ್ಲಿಸುತ್ತದೆ. ಅದರ ಉಸಿರಿಗೆ ಆ ಗೋಪುರಗಳು ಬಿಳಿಯಾಗಿ ಹೊಳೆದು, ಜೋತು, ಕುಸಿಯುತ್ತವೆ. ಚಿಕ್ಕಪ್ಪ ಮುಂದಕ್ಕೆ ಬಾಗಿದರು. "ಕಬ್ಬಿಣ ಹೀಗೆ ಕರಗಲ್ಲ ಕಣೋ. ಮೊದಲು ಕೆಂಪಾಗಬೇಕು, ಆಮೇಲೆ ಸೊಟ್ಟಗಾಗಿ ಮುರಕೊಂಡು ಬೀಳಬೇಕು. ಇದು ಮೇಣ." ನಿಜ, ಅದು ಮೇಣವೇ. ಎಯಿಜಿ ತ್ಸುಬುರಾಯ ಅವರ ತಂಡ ಮೇಣದ ಗೋಪುರ ಮಾಡಿ ಬಿಸಿಗಾಳಿಯಿಂದಲೂ ದೀಪದ ಶಾಖದಿಂದಲೂ ಕರಗಿಸಿತ್ತು. ಹಾಗೆಂದು ಹೇಳಿದಾಗ ಅವರಿಗೆ ಚಿತ್ರದ ಮೇಲೆ ಗೌರವ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಟೋಕಿಯೋ ಪಟ್ಟಣವನ್ನು ಇಪ್ಪತ್ತೈದರಲ್ಲಿ ಒಂದು ಪಾಲಿನ ಅಳತೆಗೆ ಕಟ್ಟಿದ್ದರು ಎಂದಾಗಲಂತೂ ಅವರು ಪ್ರಾಣಿಯನ್ನು ಬಿಟ್ಟು ಮನೆಗಳ ಸೂರು, ಕಿಟಕಿ ನೋಡತೊಡಗಿದರು. "ಮುರಿಯೋಕೆ ಅಂತಲೇ ಇಷ್ಟು ಚೆಂದ ಮಾಡಿದಾರಲ್ಲ" ಎಂದು ನಕ್ಕರು. ಆ ನಗುವನ್ನು ಯಾವ ಸಿದ್ಧಾಂತದ ಖಾನೆಗೆ ಹಾಕಬೇಕೋ ನನಗಂತೂ ತಿಳಿಯದು. ಕೆಲಸ ಬಲ್ಲವನು ಇನ್ನೊಬ್ಬ ಕೆಲಸಗಾರನ ಚಮತ್ಕಾರ ಹಿಡಿದುಹಾಕಿದಾಗ ಬರುವ ನಗು ಅದು.

ನಗು ನಿಂತದ್ದು ಬೇರೆ ಕಡೆ. ಉರಿಯುವ ಬೀದಿಯ ಬದಿಯಲ್ಲಿ ಒಬ್ಬ ತಾಯಿ ಮಕ್ಕಳನ್ನು ತಬ್ಬಿಕೊಂಡು ಕೂತಿರುತ್ತಾಳೆ, ಇನ್ನು ನಾವೂ ಅಪ್ಪನ ಬಳಿ ಹೋಗುತ್ತೇವೆ ಎಂಬರ್ಥದ ಮಾತು ಹೇಳುತ್ತಾಳೆ. ಕೆಳಗಿನ ಇಂಗ್ಲಿಷ್ ಸಾಲನ್ನು ಚಿಕ್ಕಮ್ಮ ಓದಲಿಲ್ಲ. "ಗಂಡ ಸತ್ತಿರಬೇಕು, ಪಾಪ" ಎಂದರು, ಅಷ್ಟೇ. ಆ ಚಿತ್ರ ಬಂದ ವರ್ಷದ ಮಾರ್ಚ್ 1ರಂದು ಅಮೆರಿಕ ಬಿಕಿನಿ ದ್ವೀಪದಲ್ಲಿ ಹೈಡ್ರೋಜನ್ ಬಾಂಬ್ ಸಿಡಿಸಿತ್ತು, 'ಐದನೇ ಲಕ್ಕಿ ಡ್ರ್ಯಾಗನ್' ಎಂಬ ಜಪಾನಿ ಮೀನುದೋಣಿಯ ಮೇಲೆ ವಿಕಿರಣದ ಬೂದಿ ಸುರಿದಿತ್ತು. ನಿರ್ದೇಶಕ ಇಶಿರೊ ಹೊಂಡಾ ಯುದ್ಧ ಕಂಡು ಬಂದವರು. 1956ರಲ್ಲಿ ಅಮೆರಿಕದವರು ಚಿತ್ರವನ್ನು ಕತ್ತರಿಸಿ, ರೇಮಂಡ್ ಬರ್ ಎಂಬ ತಮ್ಮ ನಟನನ್ನು ಸೇರಿಸಿ, ಬಾಂಬಿನ ಮಾತನ್ನು ಬಹಳಷ್ಟು ತೆಳುವಾಗಿಸಿ ಹೊರಜಗತ್ತಿಗೆ ಬಿಟ್ಟರು. ಮುಂದೆ ಬಂದ ಭಾಗಗಳಲ್ಲಿ ಗಾಡ್ಜಿಲ್ಲಾ ಬರಬರುತ್ತ ಪೈಲ್ವಾನನಾದ. 1962ರಲ್ಲಿ ಕಿಂಗ್ ಕಾಂಗ್ ಜೊತೆ ಅವನ ಕಾಳಗವಂತೂ ಶುದ್ಧ ಕುಸ್ತಿ, ಕೋಟೆ ಮಾರಿಕಾಂಬೆ ಜಾತ್ರೆಯ ಅಖಾಡ ನೋಡಿದ ಯಾರಿಗೂ ವಿವರಣೆ ಬೇಡ. ಹಾಗಾಗಿ ಗಾಂಧಿ ಕ್ಲಾಸು ನಕ್ಕ ಗಾಡ್ಜಿಲ್ಲಾ ಈ ಪೈಲ್ವಾನ. ಮೊದಲ ಚಿತ್ರವನ್ನು ಅದಕ್ಕೆ ಯಾರೂ ತೋರಿಸಿರಲಿಲ್ಲ.

ಮೊಮ್ಮಗನ ಪ್ರತಿಕ್ರಿಯೆಯನ್ನೂ ಹೇಳಬೇಕು. ಅವನಿಗೆ ಮೊದಲ ಕಾಲು ಗಂಟೆ ಬೇಸರ. ಆಮೇಲೆ ರಿಮೋಟ್ ಕಿತ್ತುಕೊಂಡು, ಕವಚದ ಹೊಲಿಗೆ ಎಲ್ಲಿ ಕಾಣುತ್ತದೆಂದು ಹಿಂದೆ ಮುಂದೆ ಓಡಿಸಿ ಹುಡುಕಿದ.

ಮುಂದಿನ ಬೆಂಚನ್ನು ಚೆನ್ನಾಗಿ ಬಲ್ಲ ಒಬ್ಬ ಚಿತ್ರನಿರ್ಮಾಪಕ ನಮ್ಮಲ್ಲೇ ಇದ್ದರು. ಉಡುಪಿ ಬಳಿಯ ಉದ್ಯಾವರದಲ್ಲಿ 1920ರಲ್ಲಿ ಹುಟ್ಟಿದ ಬಿ. ವಿಠಲಾಚಾರ್ಯರು ಅರಸೀಕೆರೆಯಲ್ಲಿ ಹೋಟೆಲು ನಡೆಸಿ, ಗೆಳೆಯರೊಂದಿಗೆ ಹಾಸನ ಸೀಮೆಯಲ್ಲಿ ಟೂರಿಂಗ್ ಟಾಕೀಸು ಕಟ್ಟಿ, ಆಮೇಲೆ ಡಿ. ಶಂಕರ್‌ಸಿಂಗ್ ಜೊತೆ ಮೈಸೂರಿನಲ್ಲಿ ಮಹಾತ್ಮ ಪಿಕ್ಚರ್ಸ್ ಸ್ಥಾಪಿಸಿದರು. 1963ರ 'ವೀರಕೇಸರಿ'ಯಲ್ಲಿ ರಾಜ್‌ಕುಮಾರರನ್ನು ನಿರ್ದೇಶಿಸಿದವರು ಅವರೇ. ತೆಲುಗಿಗೆ ಹೋಗಿ ಜಾನಪದ ಬ್ರಹ್ಮ ಎನ್ನಿಸಿಕೊಂಡರು. 1978ರ ಅವರ ತೆಲುಗು 'ಜಗನ್ಮೋಹಿನಿ'ಯಲ್ಲಿ ದೆವ್ವ ಒಲೆಗೆ ಸೌದೆಯ ಬದಲು ತನ್ನ ಕಾಲನ್ನೇ ಒಡ್ಡಿ ಅಡುಗೆ ಮಾಡುತ್ತದೆ. ಟೆಂಟಿನಲ್ಲಿ ನೆಲಕ್ಕೆ ಕೂತವರು ಯಾವ ಕ್ಷಣಕ್ಕೆ ಕಿರುಚುತ್ತಾರೆ, ಯಾವ ಕ್ಷಣಕ್ಕೆ ಕಿರುಚಿದ್ದಕ್ಕೆ ತಾವೇ ನಗುತ್ತಾರೆ ಎಂಬುದು ಟಿಕೆಟ್ ಹರಿದುಕೊಟ್ಟವನಿಗೆ ಮಾತ್ರ ಗೊತ್ತಾಗುವ ವಿದ್ಯೆ. ನಮ್ಮ ವಿಮರ್ಶಕರು ವಿಠಲಾಚಾರ್ಯರ ಹೆಸರನ್ನು ಬೈಗುಳದ ಹಾಗೆ ಬಳಸಿದ್ದು ನನಗೆ ಸರಿ ಕಂಡಿಲ್ಲ. ಮುಂಬಯಿಯವರೂ 1966ರಲ್ಲಿ 'ಗೊಗೋಲಾ' ಎಂಬ ಸಮುದ್ರ ದೈತ್ಯನನ್ನು ಎಬ್ಬಿಸಿ ನೋಡಿದರು. ವಿಠಲಾಚಾರ್ಯರ ದೆವ್ವಗಳ ಮುಂದೆ ಅದು ಯಾರಿಗೂ ನೆನಪಿಲ್ಲ.

1993ರಲ್ಲಿ ಸ್ಪೀಲ್‌ಬರ್ಗ್ 'ಜುರಾಸಿಕ್ ಪಾರ್ಕ್' ಮಾಡಿದರು. ಮರುವರ್ಷ ಅದು ಹಿಂದಿ ಮಾತು ಕಲಿತು ನಮ್ಮ ದೇಶಕ್ಕೆ ಬಂತು. ಎರಡು ಗಂಟೆಗೂ ಮಿಕ್ಕಿದ ಚಿತ್ರದಲ್ಲಿ ಡೈನೊಸಾರ್ ಕಾಣುವುದು ಸುಮಾರು ಕಾಲು ಗಂಟೆ, ಆ ಕಾಲು ಗಂಟೆಯಲ್ಲಿ ಉಡವೂ ಇಲ್ಲ, ಹೊಲಿಗೆಯೂ ಇಲ್ಲ. ಅದರ ದೊಡ್ಡ ಪ್ರಾಣಿಯ ಘರ್ಜನೆಯೊಳಗೆ ಆನೆಮರಿಯ ಕೂಗು ಬೆರೆತಿದೆ, ಸಕ್ರೆಬೈಲಿನವರು ಬೇಕಾದರೆ ಕಿವಿಗೊಟ್ಟು ಪರೀಕ್ಷಿಸಬಹುದು. ಚಿತ್ರೀಕರಣದ ಮಳೆಯಲ್ಲಿ ಯಂತ್ರದ ಟಿ-ರೆಕ್ಸಿನ ಫೋಮ್ ಚರ್ಮ ನೀರು ಕುಡಿದು, ಭಾರ ತಾಳದೆ ಅದು ಗಡಗಡ ನಡುಗುತ್ತಿತ್ತಂತೆ. ಅದನ್ನು ನಮಗೆ ತೋರಿಸಲಿಲ್ಲ, ತೋರಿಸಿದ್ದರೆ ಗಾಂಧಿ ಕ್ಲಾಸಿಗೆ ಒಂದು ಕೆಲಸ ಸಿಗುತ್ತಿತ್ತು. ಆ ಚಿತ್ರ ನಡೆಯುವಾಗ ಹಾಲ್ ಮೌನವಾಗಿತ್ತು. ಬಾಯಿ ತೆರೆದುಕೊಂಡಿತ್ತು, ಮಾತು ಬರಲಿಲ್ಲ. ಅದ್ಭುತ ಚಿತ್ರವೇ, ಅನುಮಾನವಿಲ್ಲ. ಆದರೆ ಅಲ್ಲಿಯವರೆಗೆ ಅರ್ಧ ಚಿತ್ರವನ್ನು ತಾವೇ ತುಂಬಿಕೊಡುತ್ತಿದ್ದ ಜನ ಅಂದಿನಿಂದ ಬರೀ ನೋಡುವವರಾದರು. ಈಗ ಹಳೆಯ ಚಿತ್ರದ ತುಣುಕನ್ನು ಫೋನಿನಲ್ಲಿ ಒಬ್ಬೊಬ್ಬರೇ ನೋಡಿ ನಗುವ ಹುಡುಗರ ನಗು ಸೊಂಟಾಗ್ ಹೇಳಿದ್ದಕ್ಕೆ ಹತ್ತಿರ. ಮೇಲಿನ ಮೆಟ್ಟಿಲಿನ ನಗು.

ಕೊನೆಯದಾಗಿ ಒಂದು ಕೋರಿಕೆ. ನಮ್ಮ ಜಿಲ್ಲೆಯ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು 1973ರಲ್ಲಿ ನೀನಾಸಂ ಚಿತ್ರಸಮಾಜ ಕಟ್ಟಿ, ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಹಳ್ಳಿಯವರ ಮುಂದಿಟ್ಟರು. ರೈತರು ಕುರೊಸಾವಾನನ್ನೂ ಸತ್ಯಜಿತ್ ರಾಯರನ್ನೂ ಹೇಗೆ ಕಂಡರು ಎಂಬುದು ಚರ್ಚೆಯಾಯಿತು, ಬರಹಗಳಲ್ಲಿ ಉಳಿಯಿತು. ಭಾನುವಾರ ಬೆಳಗಿನ ಆಟದ ರಬ್ಬರ್ ರಾಕ್ಷಸನ ಬಗ್ಗೆ ಅದೇ ಜನ ಏನಂದರು ಎಂದು ಬರೆದಿಡಲು ಮಾತ್ರ ಯಾರಿಗೂ ತೋಚಲಿಲ್ಲ. ಆ ಕಾಲದ ಪ್ರೊಜೆಕ್ಟರ್ ಆಪರೇಟರುಗಳು, ಗೇಟ್‌ಕೀಪರುಗಳು, ಸೈಕಲ್ ಸ್ಟ್ಯಾಂಡಿನವರು ಈಗ ಎಪ್ಪತ್ತು ದಾಟಿದ್ದಾರೆ. ಈ ದತ್ತಿಯ ಬಡ್ಡಿ ಹಣದಲ್ಲಿ ಮುಂದಿನ ವರ್ಷ ಉಪನ್ಯಾಸದ ಬದಲು ಒಂದು ಧ್ವನಿಮುದ್ರಣ ಯಂತ್ರ ಕೊಂಡು, ಕಾಲೇ‌ಜಿನ ಮಕ್ಕಳಿಬ್ಬರನ್ನು ಅವರ ಮನೆಗೆ ಕಳಿಸಿ. ಯಾವ ಚಿತ್ರದ ಯಾವ ರೀಲಿಗೆ ಶಿಳ್ಳೆ ಬೀಳುತ್ತಿತ್ತು, ರೀಲು ಹಿಂದುಮುಂದಾದಾಗ ಮುಂದಿನ ಬೆಂಚಿನವರು ಏನೆಂದು ಕೂಗಿದರು, ಯಾವ ಪ್ರಾಣಿಗೆ ಯಾವ ಅಡ್ಡಹೆಸರಿಟ್ಟರು, ಎಲ್ಲವನ್ನೂ ಕೇಳಲಿ. ಬೈಗುಳಗಳನ್ನು ತಿದ್ದದೆ ಬರೆದುಕೊಳ್ಳಲಿ. ಮನೆಯ ಅಟ್ಟದಲ್ಲಿ ಹಳೆಯ ಸಿನಿಮಾ ಕರಪತ್ರ, ಹರಿದ ಟಿಕೆಟ್ಟು ಇಟ್ಟುಕೊಂಡವರು ಈ ಸಭೆಯಲ್ಲೇ ಇದ್ದರೆ, ಹೊರಗೆ ಕಾಫಿ ಕುಡಿಯುವಾಗ ನನ್ನನ್ನು ಕರೆಯಿರಿ.